ನೌಕರರಿಗೆ ಒಂದೇ ದಿನದಲ್ಲಿ ಮಣಿಯುವ ಸರ್ಕಾರ ರೈತರಿಗೆ ಏಕೆ ಮಣಿಯುವುದಿಲ್ಲ?

ಪ್ರಶ್ನೆ: ನಾನು ತಿಪಟೂರು ತಾಲ್ಲೂಕಿನ ತೆಂಗು ಬೆಳೆಗಾರ, ಪದವೀಧರ. 2023ರ ಮಾರ್ಚ್ 1ರಂದು ಸರ್ಕಾರಿ ನೌಕರರು ಕೆಲಸಕ್ಕೆ ಗೈರುಹಾಜರಾದರು. ಅದೇ ದಿನ ಸರ್ಕಾರ ಶೇ 17ರಷ್ಟು ಮಧ್ಯಂತರ ಪರಿಹಾರ ಘೋಷಿಸಿತು. ಅದೇ ವರ್ಷ ಕೊಬ್ಬರಿ ಬೆಲೆ ಬಿದ್ದು ನಾವು ದಿನಗಟ್ಟಲೆ ಧರಣಿ ಕುಳಿತರೂ ಯಾರೂ ಇಷ್ಟು ಬೇಗ ಓಗೊಡಲಿಲ್ಲ. ತಂದೆ ತೀರಿಕೊಂಡ ಮೇಲೆ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಸುವ ಪೌತಿ ಖಾತೆಗೆ ಅರ್ಜಿ ಕೊಟ್ಟು ತಿಂಗಳುಗಟ್ಟಲೆ ಅಲೆದಿದ್ದೇನೆ. ನಡುವೆ ಗ್ರಾಮ ಆಡಳಿತ ಅಧಿಕಾರಿಗಳ ಮುಷ್ಕರವೂ ಬಂತು. ನೌಕರರ ಸಂಘಗಳೇ ರಾಜ್ಯವನ್ನು ಆಳುತ್ತಿವೆಯೇ? ಇಂಥ ಸಂಘಗಳನ್ನು ರದ್ದು ಮಾಡಿದರೆ ತಪ್ಪೇನು? ನಮ್ಮೂರಿನಲ್ಲಿ ಬಹುಪಾಲು ಜನರ ಅಭಿಪ್ರಾಯವೂ ಇದೇ.

ಉತ್ತರ: ನಿಮ್ಮ ಊರಿನವರ ಸಿಟ್ಟಿಗೆ ಕಾರಣವಿದೆ, ಅದನ್ನು ನಾನು ತಳ್ಳಿಹಾಕುವುದಿಲ್ಲ. ಆದರೆ ಆ ಸಿಟ್ಟು ಯಾವ ಕಡೆಗೆ ತಿರುಗಬೇಕು ಎಂಬಲ್ಲಿ ನನ್ನ ಅಭಿಪ್ರಾಯ ಬೇರೆ. ತುಮಕೂರಿನಲ್ಲಿ ಸೇವಾ ವಿಷಯಗಳ ಪ್ರಕರಣಗಳನ್ನು ನಡೆಸುತ್ತಾ ಬಂದಿರುವ ವಕೀಲನಾಗಿ ನಾನು ಕಂಡುಕೊಂಡಿರುವುದು ಇಷ್ಟು: ನೌಕರರ ಸಂಘದ ಪ್ರಭಾವ ದೊಡ್ಡದು, ಆದರೆ ಅದು ಎಲ್ಲರ ಕಣ್ಣೆದುರಿಗೆ ನಡೆಯುತ್ತದೆ. ನಿಮ್ಮಂಥವರ ಅರ್ಜಿ ಮೇಜಿನ ಮೇಲೆ ಕೊಳೆಯುವಂತೆ ಮಾಡುವ ರಾಜಕೀಯ ಪ್ರಭಾವ ಇನ್ನೊಂದಿದೆ. ಅದು ಯಾವ ಸಂಘದ ಹೆಸರಿನಲ್ಲೂ ನಡೆಯುವುದಿಲ್ಲ, ಸಂಘವನ್ನು ರದ್ದು ಮಾಡಿದ ಮಾತ್ರಕ್ಕೆ ಹೋಗುವುದೂ ಇಲ್ಲ.

ಮೊದಲು ನೀವು ಹೇಳಿದ ಮಾರ್ಚ್ 1ರ ಘಟನೆಯನ್ನೇ ನೋಡೋಣ. ಏಳನೇ ರಾಜ್ಯ ವೇತನ ಆಯೋಗವನ್ನು 2022ರ ನವೆಂಬರ್‌ನಲ್ಲಿ ನಿವೃತ್ತ ಮುಖ್ಯ ಕಾರ್ಯದರ್ಶಿ ಕೆ. ಸುಧಾಕರ ರಾವ್ ಅವರ ಅಧ್ಯಕ್ಷತೆಯಲ್ಲಿ ರಚಿಸಲಾಗಿತ್ತು. ವರದಿ ಬರುವವರೆಗೆ ಕಾಯಲು ಒಪ್ಪದ ಸಂಘವು ಮಧ್ಯಂತರ ಪರಿಹಾರವನ್ನೂ, ಸರ್ಕಾರವೇ ನಿಗದಿತ ಪಿಂಚಣಿ ಕೊಡುತ್ತಿದ್ದ ಹಳೆಯ ಪಿಂಚಣಿ ಪದ್ಧತಿಯ ಮರುಜಾರಿಯನ್ನೂ ಮುಂದಿಟ್ಟು ಅನಿರ್ದಿಷ್ಟಾವಧಿ ಮುಷ್ಕರಕ್ಕೆ ಕರೆ ಕೊಟ್ಟಿತು. ಶಾಲೆಗಳು, ಆಸ್ಪತ್ರೆಯ ಹೊರರೋಗಿ ವಿಭಾಗಗಳು, ತಾಲ್ಲೂಕು ಕಚೇರಿಗಳು ಸ್ತಬ್ಧವಾದ ಕೆಲವೇ ಗಂಟೆಗಳಲ್ಲಿ ಬಸವರಾಜ ಬೊಮ್ಮಾಯಿ ಅವರ ಸರ್ಕಾರ ಶೇ 17ರ ಆದೇಶ ಹೊರಡಿಸಿತು, ಪಿಂಚಣಿಯ ಅಧ್ಯಯನಕ್ಕೆ ಸಮಿತಿ ರಚಿಸುವುದಾಗಿಯೂ ಹೇಳಿತು, ಮುಷ್ಕರ ಅಂದೇ ಮುಗಿಯಿತು. ಆ ತಿಂಗಳ 29ರಂದು ವಿಧಾನಸಭಾ ಚುನಾವಣೆಯ ದಿನಾಂಕ ಪ್ರಕಟವಾಗಿ ನೀತಿ ಸಂಹಿತೆ ಜಾರಿಗೆ ಬಂತು. ಅಂದರೆ ಆದೇಶಕ್ಕೂ ಸಂಹಿತೆಗೂ ನಡುವೆ ಇದ್ದದ್ದು ನಾಲ್ಕು ವಾರ ಮಾತ್ರ. ಮುಷ್ಕರದ ದಿನವನ್ನು ಸಂಘ ಲೆಕ್ಕ ಹಾಕಿಯೇ ಆರಿಸಿತ್ತು ಎಂದರೆ ತಪ್ಪಾಗದು.

ಇದು ಒಂದು ಪಕ್ಷದ ದೌರ್ಬಲ್ಯ ಎಂದು ತಿಳಿಯುವವರಿಗೆ ಮುಂದಿನ ವರ್ಷದ ಘಟನೆ ಉತ್ತರ ಕೊಡುತ್ತದೆ. ಸರ್ಕಾರ ಬದಲಾಯಿತು, 2024ರ ಮಾರ್ಚ್‌ನಲ್ಲಿ ಆಯೋಗದ ವರದಿ ಸಲ್ಲಿಕೆಯಾಯಿತು, ಜುಲೈ ಕೊನೆಯಲ್ಲಿ ಮತ್ತೆ ಮುಷ್ಕರ ಮಾಡುವುದಾಗಿ ಸಂಘ ಎಚ್ಚರಿಸಿತು. ಜುಲೈ 15ರ ಸಚಿವ ಸಂಪುಟ ಸಭೆ ಶಿಫಾರಸನ್ನು ಒಪ್ಪಿ, ಆಗಸ್ಟ್ 1ರಿಂದ ಮೂಲವೇತನವನ್ನು ಶೇ 27.5ರಷ್ಟು ಹೆಚ್ಚಿಸಿತು. ತುಟ್ಟಿಭತ್ಯೆಯ ವಿಲೀನವೂ ಸೇರಿ ಕನಿಷ್ಠ ಮೂಲವೇತನ 17,000 ರೂಪಾಯಿಯಿಂದ 27,000ಕ್ಕೆ ಏರಿತು. ವರ್ಷಕ್ಕೆ 20,208 ಕೋಟಿ ರೂಪಾಯಿ ಹೆಚ್ಚುವರಿ ಹೊರೆ ಎಂದು ಸರ್ಕಾರವೇ ಹೇಳಿತು. ಆ ಸಾಲಿನ ಆಯವ್ಯಯದ ಗಾತ್ರ ಸುಮಾರು 3.71 ಲಕ್ಷ ಕೋಟಿ ಎಂಬುದನ್ನು ನೆನೆದರೆ, ಸರ್ಕಾರ ಖರ್ಚು ಮಾಡುವ ಪ್ರತಿ ನೂರು ರೂಪಾಯಿಯಲ್ಲಿ ಐದು ರೂಪಾಯಿಗೂ ಮಿಕ್ಕಿ ಈ ಒಂದು ತೀರ್ಮಾನಕ್ಕೆ ಹೋಗುತ್ತದೆ. ಎರಡು ಬೇರೆ ಬೇರೆ ಪಕ್ಷಗಳ ಸರ್ಕಾರಗಳು ಹೀಗೆ ನಡೆದುಕೊಂಡಿರುವುದರಿಂದ, ಕಾರಣವನ್ನು ಪಕ್ಷದಲ್ಲಿ ಹುಡುಕದೆ ವ್ಯವಸ್ಥೆಯ ರಚನೆಯಲ್ಲಿ ಹುಡುಕಬೇಕು.

ಆ ರಚನೆ ಹೀಗಿದೆ. ನೌಕರನಿಗೆ ಸಂಬಳ ಕೊಡುವವರು, ಸಂಬಳ ಎಷ್ಟೆಂದು ನಿರ್ಧರಿಸುವವರು, ಅವನು ಕೆಲಸ ನಿಲ್ಲಿಸಿದರೆ ಮೊದಲು ತೊಂದರೆಗೆ ಸಿಲುಕುವವರು, ಮೂವರೂ ಒಬ್ಬರೇ: ರಾಜ್ಯ ಸರ್ಕಾರ. ಆರ್ಥಿಕ ಇಲಾಖೆಯ ಒಂದು ಆದೇಶದಿಂದ ವಿವಾದ ಮುಗಿಯುತ್ತದೆ, ಆ ಆದೇಶದ ಕಡತವನ್ನು ಸಿದ್ಧಪಡಿಸುವ ಸಚಿವಾಲಯದ ಸಿಬ್ಬಂದಿಯೂ ಅದರ ಫಲಾನುಭವಿಗಳೇ. ನಿಮ್ಮ ಕೊಬ್ಬರಿಯ ವಿಷಯದಲ್ಲಿ ಕನಿಷ್ಠ ಬೆಂಬಲ ಬೆಲೆ ನಿಗದಿಯಾಗುವುದು ದೆಹಲಿಯಲ್ಲಿ, ಖರೀದಿ ನಡೆಯುವುದು ರಾಷ್ಟ್ರಮಟ್ಟದ ಸಹಕಾರಿ ಮಾರಾಟ ಸಂಸ್ಥೆಯಾದ ನಾಫೆಡ್ ಮೂಲಕ, ನೋಂದಣಿ ಆಗುವುದು ಎಪಿಎಂಸಿಯಲ್ಲಿ, ಮಾರುಕಟ್ಟೆಯ ದರವನ್ನು ಏರಿಳಿಸುವುದು ವರ್ತಕರು ಮತ್ತು ಹೊರರಾಜ್ಯದ ಬೇಡಿಕೆ. 2024ರಲ್ಲಿ ಉಂಡೆ ಕೊಬ್ಬರಿಗೆ ಕೇಂದ್ರ ನಿಗದಿ ಮಾಡಿದ 12,000 ರೂಪಾಯಿಯ ಮೇಲೆ ರಾಜ್ಯ ಸರ್ಕಾರ ಕ್ವಿಂಟಲ್‌ಗೆ 1,500 ರೂಪಾಯಿ ಪ್ರೋತ್ಸಾಹಧನ ಸೇರಿಸಿದ್ದು ನಿಮಗೆ ಗೊತ್ತೇ ಇದೆ. ಅಷ್ಟಕ್ಕೂ ನೀವು ಎಷ್ಟು ಕಾಯಬೇಕಾಯಿತು ಎಂಬುದೂ ಗೊತ್ತಿದೆ. ರೈತರು ಕೆಲಸ ನಿಲ್ಲಿಸಿದರೆ ನಷ್ಟ ರೈತರಿಗೇ. ನೌಕರರು ಕೆಲಸ ನಿಲ್ಲಿಸಿದರೆ ನಷ್ಟ ಜನರಿಗೆ, ಕೆಟ್ಟ ಹೆಸರು ಸರ್ಕಾರಕ್ಕೆ. ಇದು ನ್ಯಾಯವೆಂದು ನಾನು ಹೇಳುತ್ತಿಲ್ಲ. ಆದರೆ ಈ ಅಸಮಾನತೆಯನ್ನು ಸಂಘ ಹುಟ್ಟುಹಾಕಿದ್ದಲ್ಲ, ಇರುವ ಅಸಮಾನತೆಯನ್ನು ಅದು ಚೆನ್ನಾಗಿ ಬಳಸಿಕೊಂಡಿದೆ.

ಇನ್ನು ಮತದ ಲೆಕ್ಕ. ರಾಜ್ಯದಲ್ಲಿ ಸೇವೆಯಲ್ಲಿರುವ ಸರ್ಕಾರಿ ನೌಕರರು ಐದು ಲಕ್ಷಕ್ಕೆ ಸ್ವಲ್ಪ ಹೆಚ್ಚು. 224 ಕ್ಷೇತ್ರಗಳಿಗೆ ಹಂಚಿದರೆ ಕ್ಷೇತ್ರವೊಂದಕ್ಕೆ ಎರಡು ಸಾವಿರ ಚಿಲ್ಲರೆ, ಮನೆಮಂದಿಯನ್ನು ಸೇರಿಸಿದರೆ ಏಳೆಂಟು ಸಾವಿರ. ನಮ್ಮ ಭಾಗದಲ್ಲಿ ಇದು ಸಣ್ಣ ಸಂಖ್ಯೆಯಲ್ಲ. 2018ರಲ್ಲಿ ಪಾವಗಡದ ಫಲಿತಾಂಶ ನಿರ್ಧಾರವಾದದ್ದು 409 ಮತಗಳಿಂದ. 2023ರಲ್ಲಿ ಕೋಲಾರ ಜಿಲ್ಲೆಯ ಮಾಲೂರಿನಲ್ಲಿ ಘೋಷಿತ ಅಂತರ 248, ಆ ಎಣಿಕೆಯ ವಿವಾದ ಹೈಕೋರ್ಟ್, ಸುಪ್ರೀಂ ಕೋರ್ಟ್‌ಗಳವರೆಗೂ ಹೋಯಿತು. ಇಂಥ ಅಂತರಗಳನ್ನು ಕಂಡ ಯಾವ ಶಾಸಕರೂ ನೌಕರರ ಭವನದ ಕಾರ್ಯಕ್ರಮಕ್ಕೆ ಕರೆದರೆ ಬರಲಾರೆ ಎನ್ನುವುದಿಲ್ಲ.

ಆದರೆ ಈ ಏಳೆಂಟು ಸಾವಿರ ಮತಗಳು ಒಂದೇ ಕಡೆ ಬೀಳುತ್ತವೆಯೇ? ನನಗೆ ಹಾಗೆ ಅನ್ನಿಸುವುದಿಲ್ಲ. ನೌಕರನೂ ಜಾತಿ, ಊರು, ನೆಂಟಸ್ತಿಕೆ, ಪಕ್ಷನಿಷ್ಠೆ ನೋಡಿಯೇ ಮತ ಹಾಕುವವನು. ಸಂಘದ ಸಭೆಯಲ್ಲಿ ಒಗ್ಗಟ್ಟಿನ ಘೋಷಣೆ ಕೂಗಿದ ಇಬ್ಬರು ಸಹೋದ್ಯೋಗಿಗಳು ಮತಗಟ್ಟೆಯಲ್ಲಿ ಬೇರೆ ಬೇರೆ ಗುಂಡಿ ಒತ್ತುವುದು ಸಾಮಾನ್ಯ. ಹಿಮಾಚಲ ಪ್ರದೇಶದಲ್ಲಿ 2022ರ ಚುನಾವಣೆಯ ಹೊತ್ತಿಗೆ ಹಳೆಯ ಪಿಂಚಣಿಯ ವಿಚಾರ ದೊಡ್ಡದಾಗಿ ಕೆಲಸ ಮಾಡಿತು ಎಂಬ ಮಾತಿದೆ. ಅಲ್ಲಿ ಜನಸಂಖ್ಯೆ ಕಡಿಮೆ, ಸರ್ಕಾರಿ ನೌಕರಿಯನ್ನು ನೆಚ್ಚಿಕೊಂಡ ಮನೆಗಳ ಪ್ರಮಾಣ ಹೆಚ್ಚು. ಕರ್ನಾಟಕದಲ್ಲಿ ಆ ಪ್ರಮಾಣ ಇಲ್ಲ. ಇಲ್ಲಿ ಸಂಘದ ಮತಬಲ ಎನ್ನುವುದರಲ್ಲಿ ಅರ್ಧದಷ್ಟು ರಾಜಕಾರಣಿಗಳ ಅಂಜಿಕೆಯೇ.

ಚುನಾವಣಾ ಕೆಲಸಕ್ಕೆ ಹೋಗುವವರು ನೌಕರರೇ ಆದ್ದರಿಂದ ಫಲಿತಾಂಶವನ್ನೂ ಅವರು ತಿರುಗಿಸಬಲ್ಲರು ಎಂಬ ಗುಮಾನಿಯೂ ಹಳ್ಳಿಗಳಲ್ಲಿ ಇದೆ. ಇದಕ್ಕೆ ಆಧಾರ ಕಡಿಮೆ. ಮತಗಟ್ಟೆ ಸಿಬ್ಬಂದಿಯನ್ನು ಕಂಪ್ಯೂಟರ್ ಮೂಲಕ ಹಂತಹಂತವಾಗಿ ಯಾದೃಚ್ಛಿಕವಾಗಿ ಆರಿಸಲಾಗುತ್ತದೆ, ಯಾವ ಮತಗಟ್ಟೆ ಎಂಬುದು ಕೊನೆಯ ಹಂತದವರೆಗೆ ಅವರಿಗೇ ತಿಳಿಯದು. ಸರ್ಕಾರಿ ನೌಕರನು ಅಭ್ಯರ್ಥಿಯ ಏಜೆಂಟ್ ಆಗುವುದು 1951ರ ಪ್ರಜಾಪ್ರತಿನಿಧಿ ಕಾಯ್ದೆಯಂತೆ ಅಪರಾಧ. ಅಭ್ಯರ್ಥಿಯು ತನ್ನ ಗೆಲುವಿಗಾಗಿ ಗೆಜೆಟೆಡ್ ಅಧಿಕಾರಿಗಳೂ ಸೇರಿದಂತೆ ನಿರ್ದಿಷ್ಟ ವರ್ಗಗಳ ಸರ್ಕಾರಿ ಸೇವಕರ ನೆರವು ಪಡೆಯುವುದು ಅದೇ ಕಾಯ್ದೆಯ 123(7)ನೇ ವಿಧಿಯಂತೆ ಭ್ರಷ್ಟ ಆಚರಣೆ. 1975ರ ಜೂನ್ 12ರಂದು ಅಲಹಾಬಾದ್ ಹೈಕೋರ್ಟ್ ಇಂದಿರಾ ಗಾಂಧಿಯವರ ಆಯ್ಕೆಯನ್ನು ಅಸಿಂಧುಗೊಳಿಸಿದ್ದು ಈ ವಿಧಿಯ ಆಧಾರದ ಮೇಲೆಯೇ ಎಂಬುದನ್ನು ಇಂದಿನ ತಲೆಮಾರು ಮರೆತಂತಿದೆ.

ನೌಕರರ ಒಂದು ವರ್ಗಕ್ಕೆ ಶಾಸನಸಭೆಗೆ ನೇರ ದಾರಿಯೂ ಇದೆ, ಅದು ನಿಮ್ಮ ಜಿಲ್ಲೆಗೆ ನೇರವಾಗಿ ಸಂಬಂಧಿಸಿದ್ದು. ವಿಧಾನ ಪರಿಷತ್ತಿನ 75 ಸ್ಥಾನಗಳಲ್ಲಿ 7 ಶಿಕ್ಷಕರ ಕ್ಷೇತ್ರಗಳಿಗೆ, 7 ಪದವೀಧರರ ಕ್ಷೇತ್ರಗಳಿಗೆ ಮೀಸಲು. ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ, ಚಿತ್ರದುರ್ಗ, ದಾವಣಗೆರೆ ಸೇರಿ ಆಗ್ನೇಯ ಕ್ಷೇತ್ರ. ಶಿಕ್ಷಕರ ಕ್ಷೇತ್ರದಲ್ಲಿ ಐದು ಜಿಲ್ಲೆಗಳು ಕೂಡಿದರೂ ಮತದಾರರು ಒಂದು ವಿಧಾನಸಭಾ ಕ್ಷೇತ್ರದ ಮತದಾರರಿಗಿಂತ ಎಷ್ಟೋ ಕಡಿಮೆ. ಹಾಗಾಗಿ ಅಲ್ಲಿ ಸಂಘಟಿತರ ಮಾತಿಗೆ ತೂಕ ಹೆಚ್ಚು. ಆದರೂ ಗಮನಿಸಬೇಕಾದ ಸಂಗತಿಯೆಂದರೆ, ಪ್ರೌಢಶಾಲೆಗಿಂತ ಕೆಳಗಿನ ತರಗತಿಗಳ ಶಿಕ್ಷಕರಿಗೆ ಈ ಕ್ಷೇತ್ರದಲ್ಲಿ ಮತವಿಲ್ಲ. ಸಂಖ್ಯೆಯಲ್ಲಿ ಅತ್ಯಂತ ದೊಡ್ಡ ಗುಂಪಾದ ಪ್ರಾಥಮಿಕ ಶಾಲಾ ಶಿಕ್ಷಕರು ಹೊರಗೆ, ಖಾಸಗಿ ಪ್ರೌಢಶಾಲೆ ಮತ್ತು ಕಾಲೇಜುಗಳ ಅರ್ಹ ಬೋಧಕರು ಒಳಗೆ.

ನಿಮ್ಮೂರಿನ ಬಹುಪಾಲು ಜನರ ಅಭಿಪ್ರಾಯ ಎಂದಿರಿ. ಜನಾಭಿಪ್ರಾಯ ಎನ್ನುವುದು ಇಲ್ಲಿ ಒಂದೇ ದಿಕ್ಕಿನದಲ್ಲ. ಹೋಟೆಲಿನ ಬೆಂಚಿನ ಮೇಲೆ ಕುಳಿತು ಸರ್ಕಾರಿ ನೌಕರರಿಗೆ ಸಂಬಳ ದಂಡ ಎನ್ನುವ ತಂದೆಯೇ, ಮಗನನ್ನು ಗ್ರಾಮ ಆಡಳಿತ ಅಧಿಕಾರಿ ಪರೀಕ್ಷೆಯ ತರಬೇತಿಗೆಂದು ತುಮಕೂರಿಗೋ ಬೆಂಗಳೂರಿಗೋ ಸಾಲ ಮಾಡಿ ಕಳುಹಿಸಿರುತ್ತಾನೆ. 2024ರಲ್ಲಿ ಆ 1,000 ಹುದ್ದೆಗಳಿಗೆ ಬಂದ ಅರ್ಜಿಗಳು ಲಕ್ಷಗಟ್ಟಲೆ. ಮಳೆಯನ್ನು ನಂಬಿ ಬದುಕುವ, ಶಾಶ್ವತ ನದಿಯಿಲ್ಲದ ನಮ್ಮ ಭಾಗದ ಜಿಲ್ಲೆಗಳಲ್ಲಿ ತಿಂಗಳ ಸಂಬಳದ ನೌಕರಿ ಎಂದರೆ ಮನೆಯೊಂದರ ನೆಮ್ಮದಿ. ಆ ನೆಮ್ಮದಿ ತನಗೂ ಸಿಗಲಿ ಎಂಬ ಆಸೆ, ಸಿಗಲಿಲ್ಲ ಎಂಬ ನೋವು, ಸಿಕ್ಕವನು ತನ್ನನ್ನು ಕಿಟಕಿಯ ಆಚೆ ನಿಲ್ಲಿಸುತ್ತಾನೆ ಎಂಬ ಅವಮಾನ, ಇವೆಲ್ಲ ಸೇರಿಯೇ ನೀವು ಹೇಳುವ ಅಭಿಪ್ರಾಯ ರೂಪುಗೊಂಡಿದೆ.

ಜನ ಎಲ್ಲ ಮುಷ್ಕರಗಳನ್ನೂ ಒಂದೇ ರೀತಿ ನೋಡುವುದಿಲ್ಲ ಎಂಬುದಕ್ಕೂ ಸಾಕ್ಷಿಗಳಿವೆ. 2022ರ ಜುಲೈನಲ್ಲಿ ಪೌರಕಾರ್ಮಿಕರು ನಾಲ್ಕು ದಿನ ಕೆಲಸ ನಿಲ್ಲಿಸಿ ಸೇವೆ ಕಾಯಂ ಮಾಡಿ ಎಂದಾಗ, 2025ರ ಜನವರಿಯಲ್ಲಿ ಆಶಾ ಕಾರ್ಯಕರ್ತೆಯರು ಚಳಿಯಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಹಗಲು ರಾತ್ರಿ ಕುಳಿತಾಗ ನಾನು ಕೇಳಿದ ಮಾತುಗಳಲ್ಲಿ ಸಿಟ್ಟಿಗಿಂತ ಮರುಕವೇ ಹೆಚ್ಚಾಗಿತ್ತು. ಬೀದಿ ಗುಡಿಸುವವರು, ಹೆರಿಗೆಗೆ ಆಸ್ಪತ್ರೆಗೆ ಕರೆದೊಯ್ಯುವವರು ದಿನವೂ ದುಡಿಯುವುದು ಜನರ ಕಣ್ಣಿಗೆ ಕಾಣುತ್ತದೆ. ತಾಲ್ಲೂಕು ಕಚೇರಿಯ ಒಳಗೆ ಯಾರು ಏನು ಮಾಡುತ್ತಾರೆಂದು ಕಾಣುವುದಿಲ್ಲ. ಜನರಿಗೆ ಸಂಘಟನೆಯ ಬಗ್ಗೆ ದ್ವೇಷವಿಲ್ಲ, ಕೆಲಸ ಕಾಣದ ಕಡೆ ಹಕ್ಕಿನ ಮಾತು ಕೇಳಿಸಿದರೆ ಸಿಟ್ಟು ಬರುತ್ತದೆ ಎಂದೇ ನಾನು ಇದನ್ನು ಅರ್ಥ ಮಾಡಿಕೊಂಡಿದ್ದೇನೆ.

ರದ್ದತಿಯ ಪ್ರಶ್ನೆಗೆ ಕಾನೂನಿನ ಉತ್ತರ ಚಿಕ್ಕದು. ಸಂಘ ಕಟ್ಟುವುದು ಸಂವಿಧಾನದ 19(1)(ಸಿ) ವಿಧಿಯ ಹಕ್ಕು, ಅದು ಸರ್ಕಾರಿ ನೌಕರನಿಗೂ ಉಂಟು. ಮುಷ್ಕರ ಮಾಡುವುದು ಹಕ್ಕಲ್ಲ. 1962ರ ಕಾಮೇಶ್ವರ ಪ್ರಸಾದ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಶಾಂತಿಯುತ ಪ್ರದರ್ಶನವನ್ನು ಎತ್ತಿಹಿಡಿದು, ಮುಷ್ಕರದ ಹಕ್ಕನ್ನು ಮಾನ್ಯ ಮಾಡಲಿಲ್ಲ. 2003ರ ಆಗಸ್ಟ್‌ನಲ್ಲಿ ಟಿ.ಕೆ. ರಂಗರಾಜನ್ ಪ್ರಕರಣದಲ್ಲಿ ಇನ್ನೂ ಮುಂದೆ ಹೋಗಿ, ಮುಷ್ಕರಕ್ಕೆ ಕಾನೂನಿನ ಹಕ್ಕಾಗಲಿ ನೈತಿಕ ಹಕ್ಕಾಗಲಿ ಇಲ್ಲ ಎಂದಿತು. ಬಸ್ ನೌಕರರನ್ನು ಇದರೊಂದಿಗೆ ಬೆರೆಸಬಾರದು. ಸಾರಿಗೆ ನಿಗಮಗಳ ಸಿಬ್ಬಂದಿ ಸರ್ಕಾರಿ ನೌಕರರಲ್ಲ, ಕೈಗಾರಿಕಾ ವಿವಾದಗಳ ಕಾನೂನಿಗೆ ಒಳಪಡುವ ಕಾರ್ಮಿಕರು. 2021ರ ಏಪ್ರಿಲ್‌ನಲ್ಲಿ ಅವರು ಎರಡು ವಾರ ನಡೆಸಿದ ಮುಷ್ಕರದಲ್ಲಿ ತಮ್ಮನ್ನೂ ಆರನೇ ವೇತನ ಆಯೋಗದ ಶ್ರೇಣಿಗೆ ಸೇರಿಸಿ ಎಂದು ಕೇಳಿದ್ದೇ ಈ ವ್ಯತ್ಯಾಸ ಇರುವುದರಿಂದ.

ರಂಗರಾಜನ್ ಪ್ರಕರಣದ ಹಿನ್ನೆಲೆಯನ್ನು ರದ್ದತಿ ಬಯಸುವವರೆಲ್ಲ ತಿಳಿಯಬೇಕು. ತಮಿಳುನಾಡಿನಲ್ಲಿ ಜಯಲಲಿತಾ ಅವರ ಸರ್ಕಾರ 2003ರ ಜುಲೈನಲ್ಲಿ ಮುಷ್ಕರ ನಿರತರಾದ ಸುಮಾರು 1.7 ಲಕ್ಷ ನೌಕರರನ್ನು ಎಸ್ಮಾ (ಅಗತ್ಯ ಸೇವೆಗಳ ನಿರ್ವಹಣಾ ಕಾಯ್ದೆ) ಬಳಸಿ ಸಾಮೂಹಿಕವಾಗಿ ವಜಾ ಮಾಡಿತು. ಆ ಹೊತ್ತಿಗೆ ಸಂತೋಷಪಟ್ಟವರು ಕಡಿಮೆಯೇನಿರಲಿಲ್ಲ. ಕ್ಷಮೆಯ ಮುಚ್ಚಳಿಕೆ ಬರೆದುಕೊಟ್ಟ ಬಹುಪಾಲು ಮಂದಿ ಮರಳಿ ಸೇವೆಗೆ ಬಂದರು. ಮರುವರ್ಷದ ಲೋಕಸಭಾ ಚುನಾವಣೆಯಲ್ಲಿ ಆಡಳಿತ ಪಕ್ಷ ಒಂದು ಸ್ಥಾನವನ್ನೂ ಗೆಲ್ಲಲಿಲ್ಲ. ಆ ಸೋಲಿಗೆ ಮೈತ್ರಿಕೂಟದಂಥ ಬೇರೆ ಕಾರಣಗಳೂ ಇದ್ದವು, ಆದರೆ ಅದರ ಬೆನ್ನಿಗೇ ನೌಕರರ ಮೇಲಿನ ಕ್ರಮಗಳನ್ನು ಸಡಿಲಿಸಿದ್ದು ಸರ್ಕಾರವೇ. ಈ ಇಡೀ ಪ್ರಸಂಗದಲ್ಲಿ ಕಚೇರಿಗೆ ಹೋದ ಸಾಮಾನ್ಯನಿಗೆ ಪತ್ರ ಒಂದು ದಿನ ಮುಂಚೆ ಸಿಕ್ಕಿತೇ? ಸೇವೆಯ ಗುಣಮಟ್ಟ ಸುಧಾರಿಸಿತೇ? ಅದಕ್ಕೂ ವಜಾಕ್ಕೂ ಸಂಬಂಧವೇ ಇರಲಿಲ್ಲ. ಹೆದರಿದ ನೌಕರ ಜನರಿಗೆ ಒಳ್ಳೆಯವನಾಗುವುದಿಲ್ಲ, ಹೆದರಿಸಿದವರಿಗೆ ವಿಧೇಯನಾಗುತ್ತಾನೆ.

ನಾನು ಮೊದಲಿಗೆ ಹೇಳಿದ ಇನ್ನೊಂದು ಪ್ರಭಾವಕ್ಕೆ ಈಗ ಬರುತ್ತೇನೆ. ಅದು ವರ್ಗಾವಣೆ. ನಮ್ಮ ಜಿಲ್ಲೆಗಳಲ್ಲಿ ಹೊಸ ಸರ್ಕಾರ ಬಂದ ಮೇಲೆ ಮೊದಲು ಬದಲಾಗುವುದು ಶಾಸಕರ ಕಚೇರಿಯ ಫಲಕ, ಅದರ ಬೆನ್ನಿಗೆ ತಹಶೀಲ್ದಾರರು, ಸರ್ಕಲ್ ಇನ್‌ಸ್ಪೆಕ್ಟರ್, ಸಬ್ ರಿಜಿಸ್ಟ್ರಾರ್, ಎಂಜಿನಿಯರ್. ಶಾಸಕರ ಶಿಫಾರಸು ಪತ್ರ ಹಿಡಿದು ವಿಧಾನಸೌಧದ ಕಾರಿಡಾರಿನಲ್ಲಿ ನಿಲ್ಲದೆ ಆಯಕಟ್ಟಿನ ಜಾಗ ಸಿಗುವುದಿಲ್ಲ ಎಂಬುದನ್ನು ಯಾವ ನೌಕರನೂ ಖಾಸಗಿಯಾಗಿ ಅಲ್ಲಗಳೆಯುವುದಿಲ್ಲ. ಹಾಗೆ ಬಂದ ಅಧಿಕಾರಿ ಉತ್ತರದಾಯಿ ಆಗುವುದು ಪತ್ರ ಕೊಟ್ಟವರಿಗೆ. ಅವರ ಕಡೆಯವರ ಪೋಡಿ (ಜಮೀನಿನ ವಿಭಜನೆ), ಹದ್ದುಬಸ್ತು (ಗಡಿ ಗುರುತಿಸುವಿಕೆ), ಖಾತೆ ಬದಲಾವಣೆ ವಾರದಲ್ಲಿ ಆಗುತ್ತವೆ, ಯಾರ ಕಡೆಯವರೂ ಅಲ್ಲದ ನಿಮ್ಮ ಅರ್ಜಿ ಕಾಯುತ್ತದೆ. ನನ್ನ ಬಳಿ ಬರುವ ಸೇವಾ ಪ್ರಕರಣಗಳಲ್ಲಿ ದೊಡ್ಡ ಪಾಲು ಅವಧಿಗೆ ಮುನ್ನವೇ ಎತ್ತಂಗಡಿಯಾದವರದ್ದು. ಆಡಳಿತ ನ್ಯಾಯಮಂಡಳಿಯಲ್ಲಿ ತಡೆಯಾಜ್ಞೆ ತಂದು ಒಂದೇ ಕುರ್ಚಿಗೆ ಇಬ್ಬರು ಅಧಿಕಾರಿಗಳು ಬಂದು ನಿಂತ ಸಂದರ್ಭಗಳನ್ನು ಈ ಭಾಗದ ಜನ ಕಂಡಿದ್ದಾರೆ.

ಈ ಆಯುಧ ಸಂಘದ ಕೈಯಲ್ಲಿಲ್ಲ, ಸರ್ಕಾರದ ಕೈಯಲ್ಲಿದೆ. 2023ರ ಕೊನೆಯ ಭಾಗದಲ್ಲಿ ಸಂಘದ ರಾಜ್ಯಾಧ್ಯಕ್ಷರಾಗಿದ್ದ ಸಿ.ಎಸ್. ಷಡಾಕ್ಷರಿ ಅವರನ್ನೇ ಶಿವಮೊಗ್ಗದಿಂದ ಕೋಲಾರಕ್ಕೆ ವರ್ಗಾಯಿಸಿದ ಆದೇಶ ರಾಜ್ಯವ್ಯಾಪಿ ಚರ್ಚೆಯಾಯಿತು. ಅದರ ಸರಿತಪ್ಪುಗಳಿಗೆ ನಾನು ಹೋಗುವುದಿಲ್ಲ. ಶೇ 17 ಕೊಡಿಸಿದ ಸಂಘಟನೆಯ ಮುಖ್ಯಸ್ಥರಿಗೂ ಒಂದು ಹಾಳೆಯ ಆದೇಶ ಬರಬಹುದು ಎಂದಾದರೆ, ಹೋಬಳಿಯೊಂದರ ಕಂದಾಯ ನಿರೀಕ್ಷಕ ಶಾಸಕರ ಮಾತಿಗೆ ಎದುರು ನಿಲ್ಲುವುದು ಎಷ್ಟು ಕಷ್ಟ ಎಂದು ನೀವೇ ಊಹಿಸಿ. ಸಂಘವೂ ಇಲ್ಲದಿದ್ದರೆ ಅವನ ಬೆನ್ನಿಗೆ ಯಾರಿರುತ್ತಾರೆ? ಸಂಘ ರದ್ದಾದರೆ ಪ್ರಭಾವಿಗಳಾದ ಕೆಲವರು ತಮ್ಮ ತಮ್ಮ ಗಾಡ್‌ಫಾದರ್‌ಗಳನ್ನು ಹಿಡಿದು ಬದುಕಿಕೊಳ್ಳುತ್ತಾರೆ. ಗುಮಾಸ್ತರು, ಚಾಲಕರು, ಡಿ ಗ್ರೂಪ್ ನೌಕರರು, ಹೊಸದಾಗಿ ಸೇರಿದ ಹೆಣ್ಣುಮಕ್ಕಳು ಒಂಟಿಯಾಗುತ್ತಾರೆ. ರದ್ದತಿಯನ್ನು ನಾನು ವಿರೋಧಿಸುವ ಮುಖ್ಯ ಕಾರಣ ಇದು.

ಬೇರೆ ದಾರಿ ಇದೆ ಎಂಬುದನ್ನು ನಮ್ಮ ರಾಜ್ಯವೇ ತೋರಿಸಿದೆ. ಶಿಕ್ಷಕರ ವರ್ಗಾವಣೆಗೆ 2007ರಲ್ಲಿ ಕಾಯ್ದೆ ಬಂತು, 2020ರಲ್ಲಿ ಹೊಸದಾಗಿ ರೂಪುಗೊಂಡಿತು. ಆರೋಗ್ಯ ಇಲಾಖೆಯ ಸಿಬ್ಬಂದಿಗೆ 2011ರ ಕಾಯ್ದೆ ಇದೆ. ಸೇವಾವಧಿ, ಅನಾರೋಗ್ಯ, ಪತಿ-ಪತ್ನಿ ಪ್ರಕರಣ ಮುಂತಾದವುಗಳ ಆದ್ಯತೆಯಂತೆ ಪಟ್ಟಿ ಸಿದ್ಧವಾಗಿ, ಕೌನ್ಸೆಲಿಂಗ್‌ನಲ್ಲಿ ಪರದೆಯ ಮೇಲೆ ಖಾಲಿ ಜಾಗಗಳನ್ನು ನೋಡಿ ಶಿಕ್ಷಕಿಯೊಬ್ಬರು ಪಾವಗಡದ ಗಡಿ ಶಾಲೆಯಿಂದ ಗುಬ್ಬಿಯ ಶಾಲೆಯನ್ನು ಆರಿಸಿಕೊಳ್ಳುವಾಗ ಯಾರ ಪತ್ರವೂ ಬೇಕಾಗುವುದಿಲ್ಲ. ಲೋಪಗಳಿವೆ, ವಿಳಂಬವಿದೆ, ನಿಯೋಜನೆ ಎಂಬ ಹೆಸರಿನಲ್ಲಿ ಹಿಂಬಾಗಿಲೂ ಇದೆ. ಆದರೂ ಹಳೆಯ ಪದ್ಧತಿಯನ್ನು ಅನುಭವಿಸಿದ ಶಿಕ್ಷಕರಲ್ಲಿ ಅದಕ್ಕೆ ಮರಳಬೇಕೆಂದವರನ್ನು ನಾನು ಕಂಡಿಲ್ಲ. ಇನ್ನು ಕೆಲವು ಇಲಾಖೆಗಳಲ್ಲಿ ಕೌನ್ಸೆಲಿಂಗ್ ಈಗೀಗ ಕಾಲಿಡುತ್ತಿದೆ. ಎಲ್ಲ ಇಲಾಖೆಗಳಿಗೂ ಶಾಸನಬದ್ಧ ಕೌನ್ಸೆಲಿಂಗ್ ಬೇಕೆಂದು ನೌಕರರ ಸಂಘ ವೇತನಕ್ಕಾಗಿ ತೋರಿದ ಪಟ್ಟನ್ನೇ ತೋರಿಸಬೇಕಿತ್ತು. ತೋರಿಸಿಲ್ಲ ಎಂಬುದು ಸಂಘದ ಮೇಲೆ ನನ್ನ ದೊಡ್ಡ ದೂರು.

ನಿಮ್ಮ ಕೆಲಸ ನಿಂತುಹೋದ ಗ್ರಾಮ ಆಡಳಿತ ಅಧಿಕಾರಿಗಳ ಮುಷ್ಕರದ ಬಗ್ಗೆಯೂ ಒಂದು ಮಾತು. 2024ರ ಸೆಪ್ಟೆಂಬರ್‌ನಲ್ಲೂ 2025ರ ಫೆಬ್ರುವರಿಯಲ್ಲೂ ಅವರು ಕುಳಿತಾಗ ಮುಖ್ಯ ಬೇಡಿಕೆ ಸಂಬಳದ್ದಾಗಿರಲಿಲ್ಲ. ಮಧುಗಿರಿ ಕಡೆಯ ನಾಡಕಚೇರಿಯೊಂದರಲ್ಲಿ ಒಬ್ಬ ಅಧಿಕಾರಿ ತಮ್ಮ ಮೊಬೈಲನ್ನು ನನ್ನ ಮುಂದೆ ಹಿಡಿದು ತೋರಿಸಿದ್ದರು: ಬೆಳೆ ಸಮೀಕ್ಷೆಗೆ ಒಂದು ಆ್ಯಪ್, ಸರ್ಕಾರಿ ಜಮೀನಿನ ಬಳಿ ಖುದ್ದು ಹೋಗಿ ಒತ್ತುವರಿ ಗುರುತಿಸುವ ಲ್ಯಾಂಡ್ ಬೀಟ್ ಒಂದು, ಸರ್ಕಾರಿ ಜಮೀನಿನ ಸಾಗುವಳಿಯನ್ನು ಸಕ್ರಮಗೊಳಿಸಲು ಕೇಳುವ ಬಗರ್ ಹುಕುಂ ಅರ್ಜಿಗಳಿಗೆ ಒಂದು, ಪಹಣಿಗೆ ಆಧಾರ್ ಜೋಡಿಸಲು ಇನ್ನೊಂದು. ಫೋನೂ ಸ್ವಂತದ್ದು, ಡೇಟಾ ಖರ್ಚೂ ಸ್ವಂತದ್ದು. ಅವರ ಮೇಲೆ ಎರಡು ಗ್ರಾಮ ವೃತ್ತಗಳ ಭಾರವಿತ್ತು, ಪಕ್ಕದ ವೃತ್ತದ ಹುದ್ದೆ ಖಾಲಿ ಇದ್ದುದರಿಂದ ಹೆಚ್ಚುವರಿ ಪ್ರಭಾರ. ಪ್ರತಿ ಆ್ಯಪ್‌ನ ಪ್ರಗತಿಯನ್ನೂ ಜಿಲ್ಲಾಧಿಕಾರಿಗಳ ವಿಡಿಯೊ ಸಭೆಯಲ್ಲಿ ಕೇಳುತ್ತಾರೆ, ಮೇಜಿನ ಮೇಲಿರುವ ಪೌತಿ ಖಾತೆಯನ್ನು ಮಾತ್ರ ಅಷ್ಟು ಬಿಗಿಯಾಗಿ ಕೇಳುವುದಿಲ್ಲ ಎಂದರು. ರಾಜ್ಯದಲ್ಲಿ ಮಂಜೂರಾದ ಹುದ್ದೆಗಳ ಪೈಕಿ ಎರಡೂವರೆ ಲಕ್ಷಕ್ಕೂ ಮಿಕ್ಕಿ ಖಾಲಿ ಇರುವಾಗ, ಈ ಮುಷ್ಕರದಲ್ಲಿ ಅವರ ಬೇಡಿಕೆಯೂ ನಿಮ್ಮ ಹಿತವೂ ಒಂದೇ ಕಡೆ ಇದ್ದವು. ಅದನ್ನು ಅವರು ನಿಮಗೆ ತಿಳಿಸಿ ಹೇಳಲಿಲ್ಲ. ಕಚೇರಿಯ ಬಾಗಿಲಿಗೆ ಹಚ್ಚಿದ ಮುಷ್ಕರದ ಚೀಟಿಯಲ್ಲಿ ಜನರ ಕೆಲಸದ ಬಗ್ಗೆ ಒಂದು ಸಾಲೂ ಇರಲಿಲ್ಲ.

ಇದೇ ಕಾರಣಕ್ಕೆ ಸಂಘದ ನಾಯಕತ್ವಕ್ಕೆ ಜನರ ಒಲವು ದಕ್ಕಿಲ್ಲ. ಟಿ.ಎಂ. ವಿಜಯಭಾಸ್ಕರ್ ಅಧ್ಯಕ್ಷತೆಯ ಎರಡನೇ ಆಡಳಿತ ಸುಧಾರಣಾ ಆಯೋಗ ಇಲಾಖಾವಾರು ಹಲವು ವರದಿಗಳನ್ನು ಕೊಟ್ಟಿತು. ಅವುಗಳ ಜಾರಿಗೆ ಒಂದು ದಿನದ ಧರಣಿಯೂ ನಡೆಯಲಿಲ್ಲ. ಪಿಂಚಣಿಯ ವಿಷಯವೂ ಹಾಗೆಯೇ. 2006ರ ಏಪ್ರಿಲ್ 1ರ ನಂತರ ಸೇರಿದವರಿಗೆ ಹೊಸ ಪದ್ಧತಿ: ನೌಕರನಿಂದ ಶೇ 10, ಸರ್ಕಾರದಿಂದ ಶೇ 14, ಉಳಿದದ್ದು ಮಾರುಕಟ್ಟೆಯ ಪಾಲು. ಒಂದೇ ಕೊಠಡಿಯಲ್ಲಿ ಒಂದೇ ಕೆಲಸ ಮಾಡುವ ಇಬ್ಬರ ಮುಪ್ಪು ನೇಮಕದ ದಿನಾಂಕದಿಂದ ಬೇರೆಯಾಗುವುದು ಅವರಿಗೆ ನೋವಿನ ಸಂಗತಿ, ಆ ನೋವು ನಿಜವಾದದ್ದು. ಆದರೆ ತಿಂಗಳಿಗೆ 1,200 ರೂಪಾಯಿಯ ವೃದ್ಧಾಪ್ಯ ವೇತನವಾದ ಸಂಧ್ಯಾ ಸುರಕ್ಷಾಕ್ಕೆ ಅರ್ಜಿ ಹಿಡಿದು ಅದೇ ಕಚೇರಿಗೆ ಬರುವ ಮುದುಕಿಗೆ ಆ ಬೇಡಿಕೆ ಹೇಗೆ ಕೇಳಿಸುತ್ತದೆ ಎಂಬುದನ್ನು ಸಂಘ ಯೋಚಿಸಬೇಕು. ಆಕೆಯ 1,200 ರೂಪಾಯಿ ಸಮಯಕ್ಕೆ ಸರಿಯಾಗಿ ತಲುಪಲಿ ಎಂಬುದು ಸಂಘದ ಬೇಡಿಕೆ ಪಟ್ಟಿಯಲ್ಲಿ ಸೇರಿದರೆ, ಉಳಿದ ಬೇಡಿಕೆಗಳಿಗೂ ನಿಮ್ಮೂರಿನಲ್ಲಿ ಬೆಂಬಲ ಸಿಗುತ್ತದೆ. ಗುತ್ತಿಗೆ, ಹೊರಗುತ್ತಿಗೆ ನೌಕರರನ್ನೂ ಅತಿಥಿ ಶಿಕ್ಷಕರನ್ನೂ ಹೊರಗಿಟ್ಟು ಕಾಯಂ ನೌಕರರ ಮಾತನ್ನಷ್ಟೇ ಆಡುವ ಸಂಘ ದುಡಿಯುವವರೆಲ್ಲರ ದನಿ ಎಂದು ಹೇಳಿಕೊಳ್ಳುವುದೂ ಸರಿಯಲ್ಲ.

ಕೊನೆಯದಾಗಿ ನಿಮ್ಮ ಅರ್ಜಿಯ ವಿಷಯ. ಪೌತಿ ಖಾತೆಗೆ ಕೊಟ್ಟ ಅರ್ಜಿಗೆ, ನಿಗದಿತ ಗಡುವಿನೊಳಗೆ ಸರ್ಕಾರಿ ಸೇವೆ ಕೊಡಿಸುವ ‘ಸಕಾಲ’ ಯೋಜನೆಯ ಜಿಎಸ್‌ಸಿ ಸಂಖ್ಯೆ (ಅರ್ಜಿಯ ಗುರುತಿನ ಸಂಖ್ಯೆ) ಇರುವ ಸ್ವೀಕೃತಿ ಪತ್ರ ಪಡೆದಿದ್ದೀರಾ ನೋಡಿಕೊಳ್ಳಿ. ಇಲ್ಲದಿದ್ದರೆ ಅದನ್ನು ಕೇಳಿ ಪಡೆಯಿರಿ. ಗಡುವು ಮೀರಿದ್ದರೆ ಆ ಸಂಖ್ಯೆಯ ಆಧಾರದ ಮೇಲೆ ಮೇಲ್ಮನವಿ ಸಲ್ಲಿಸಬಹುದು. 2011ರ ಸಕಾಲ ಕಾಯ್ದೆಯಂತೆ ತಡವಾದ ದಿನಕ್ಕೆ 20 ರೂಪಾಯಿಯಂತೆ, ಗರಿಷ್ಠ 500 ರೂಪಾಯಿವರೆಗೆ ಪರಿಹಾರ ಕೇಳಲೂ ಅವಕಾಶವಿದೆ. ಮೊತ್ತ ಸಣ್ಣದು, ಆದರೆ ಅದು ತಪ್ಪಿತಸ್ಥ ಅಧಿಕಾರಿಯ ಸಂಬಳದಿಂದ ಹೋಗಬೇಕಾದದ್ದು, ಆದ್ದರಿಂದ ಮೇಲ್ಮನವಿ ಬಿದ್ದ ಕಡತ ಚಲಿಸುತ್ತದೆ.

ಇನ್ನೊಂದು, ನೀವು ಪದವೀಧರರು ಎಂದಿದ್ದೀರಿ. ಆಗ್ನೇಯ ಪದವೀಧರರ ಕ್ಷೇತ್ರಕ್ಕೆ ಹಿಂದೆ ಮತದಾನ ನಡೆದದ್ದು 2020ರ ಅಕ್ಟೋಬರ್‌ನಲ್ಲಿ, ಅವಧಿ ಆರು ವರ್ಷ. ಈ ಕ್ಷೇತ್ರದ ಮತದಾರರ ಪಟ್ಟಿಯನ್ನು ಪ್ರತಿ ಚುನಾವಣೆಗೂ ಹೊಸದಾಗಿ ತಯಾರಿಸುತ್ತಾರೆ. ಹಳೆಯ ಪಟ್ಟಿಯಲ್ಲಿ ಹೆಸರಿದ್ದರೂ ನಮೂನೆ 18ರಲ್ಲಿ ಮತ್ತೆ ಅರ್ಜಿ ಕೊಡಬೇಕು. ಅರ್ಹತಾ ದಿನಾಂಕವಾದ ನವೆಂಬರ್ 1ಕ್ಕೆ ಪದವಿ ಮುಗಿದು ಮೂರು ವರ್ಷ ಆಗಿರಬೇಕು. ಸಂಘಟಿತ ನೌಕರರು ತಪ್ಪದೆ ಹೆಸರು ಸೇರಿಸುತ್ತಾರೆ, ನಿಮ್ಮಂಥ ಪದವೀಧರ ರೈತರು ಸೇರಿಸುವುದಿಲ್ಲ, ಹಾಗಾಗಿ ಅಭ್ಯರ್ಥಿಗಳು ತಿಪಟೂರಿಗೆ ಬಂದಾಗ ಕಚೇರಿ, ಶಾಲೆ, ಕಾಲೇಜುಗಳಿಗೆ ಹೋಗುತ್ತಾರೆಯೇ ಹೊರತು ಕೊಬ್ಬರಿ ಮಾರುಕಟ್ಟೆಗೆ ಬರುವುದಿಲ್ಲ. ನಿಮ್ಮೂರಿನ ಪದವೀಧರರ ಹೆಸರುಗಳು ಪಟ್ಟಿಗೆ ಸೇರಿದರೆ ಅವರು ಅಲ್ಲಿಗೂ ಬರಬೇಕಾಗುತ್ತದೆ. ಆಗ ಕೇಳಿ: ಕಂದಾಯ ಇಲಾಖೆಯ ಪ್ರತಿಯೊಂದು ವರ್ಗಾವಣೆಯನ್ನೂ ಕಾಯ್ದೆಬದ್ಧ ಕೌನ್ಸೆಲಿಂಗ್‌ಗೆ ಒಳಪಡಿಸುವ ಮಸೂದೆಗೆ ಪರಿಷತ್ತಿನಲ್ಲಿ ಒತ್ತಾಯಿಸುತ್ತೀರಾ, ಅಲ್ಲಿಯವರೆಗೆ ನೀವೇ ಬರೆದುಕೊಡುವ ಶಿಫಾರಸು ಪತ್ರಗಳನ್ನು ನಿಲ್ಲಿಸುತ್ತೀರಾ?